ಇಳಕಲ್ ಮಗ್ಗಕ್ಕೊಂದು ಎಕ್ಸ್ ಖಾತೆ: ಕಟ್ಟುತ್ತಾ ಬರೆದಿಟ್ಟ ಟಿಪ್ಪಣಿ

ಕೆಲಸ ಇಷ್ಟು. ಇಳಕಲ್‌ನಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಕುಣಿ ಮಗ್ಗ ಇದೆ. ಅಲ್ಲಿ ನೇಯ್ದ ಸೀರೆ ಉಡುವವರ ಕೈಗೆ ನೇರವಾಗಿ ಸೇರಬೇಕು. ಅದಕ್ಕೆ ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ, ಒಂದು ಖಾತೆ ಬೇಕು. ಜಾಹೀರಾತಿಗೆ ದುಡ್ಡು ಹಾಕುವುದಿಲ್ಲ, ನೀಲಿ ಟಿಕ್ ಕೊಳ್ಳುವುದಿಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಕೈಯಲ್ಲಿದ್ದ ಸಾಮಾನು: ಮಧ್ಯಮ ದರದ ಆಂಡ್ರಾಯ್ಡ್ ಫೋನು, ಅದಕ್ಕೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸು, ಪುಟ್ಟ ಟ್ರೈಪಾಡ್, ಬಿಳಿ ಡ್ರಾಯಿಂಗ್ ಹಾಳೆ, ಶಾಲೆ ಮಕ್ಕಳ ಅಡಿಕೋಲು, ವ್ಯಾಪಾರಕ್ಕೆಂದೇ ತೆಗೆದುಕೊಂಡ ಬೇರೆ ಸಿಮ್.

ಸೀರೆ ಮಾರಲು ಇನ್‌ಸ್ಟಾಗ್ರಾಮ್ ಇರುವಾಗ ಎಕ್ಸ್ ಯಾಕೆ ಅಂತ ತುಂಬಾ ಜನ ಕೇಳಿದರು. ನನ್ನ ಲೆಕ್ಕ ಹೀಗಿತ್ತು. ಇನ್‌ಸ್ಟಾಗ್ರಾಮ್‌ನಲ್ಲಿ ಚಂದ ಕಾಣಿಸಬೇಕು. ಎಕ್ಸ್‌ನಲ್ಲಿ ಮಾತಾಡಬಹುದು, ಪ್ರಶ್ನೆ ಕೇಳಬಹುದು, ವಾದ ಮಾಡಬಹುದು. ಬರೀ ಅಕ್ಷರಕ್ಕೂ ಅಲ್ಲಿ ಬೆಲೆ ಇದೆ. 2017ರಲ್ಲಿ ‘ನಮ್ಮ ಮೆಟ್ರೊ ಹಿಂದಿ ಬೇಡ’ ಅನ್ನುವ ಹ್ಯಾಷ್‌ಟ್ಯಾಗ್ ನಡೆದದ್ದು ಅಲ್ಲೇ. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಉತ್ತರ ಕೊಡುವ ಗುಂಪು ಅಲ್ಲಿದೆ ಅನ್ನುವುದು ಆಗಲೇ ಗೊತ್ತಾಗಿತ್ತು. 2019ರ ಜುಲೈನಲ್ಲಿ ‘ಸಾರಿ ಟ್ವಿಟರ್’ ಅನ್ನುವ ಹ್ಯಾಷ್‌ಟ್ಯಾಗ್ ಹಿಡಿದು ದೇಶದ ತುಂಬಾ ಹೆಂಗಸರು ತಾವು ಉಟ್ಟ ಸೀರೆಯ ಫೋಟೊ ಹಾಕಿದ್ದರು. ಸೀರೆ ಬಗ್ಗೆ ಮಾತಾಡುವವರು ಅಲ್ಲಿ ಇದ್ದೇ ಇದ್ದಾರೆ. ನಾವು ಹೋಗಿ ಸೇರಿಕೊಳ್ಳಬೇಕು, ಅಷ್ಟೇ.

ಮೊದಲು, ಹೇಳುವುದು ಏನನ್ನು?

ಖಾತೆ ತೆರೆಯುವ ಮುಂಚೆ ಮಾಮನ ಜೊತೆ ಕೂತು ಬೇರೆಯವರ ಪೋಸ್ಟ್‌ಗಳನ್ನು ನೋಡಿದೆವು. ಹೆಚ್ಚಿನವು ಒಂದೇ ಥರ: ಮಡಚಿಟ್ಟ ಸೀರೆ, ಕೆಳಗೆ ‘ಶುದ್ಧ ಕೈಮಗ್ಗ, ಬೆಲೆಗೆ ಇನ್‌ಬಾಕ್ಸ್‌ಗೆ ಬನ್ನಿ’. ಮಾಮ ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, ‘ಇದು ಪವರ್‌ಲೂಮಿಂದು, ಇದೂ ಅದ, ಇದು ಒಂದ ಖರೇ ಕೈಮಗ್ಗದ್ದು’ ಅಂತ ಬೆರಳಿಟ್ಟು ತೋರಿಸುತ್ತಾ ಹೋದರು. ನನಗೆ ಮೂರೂ ಒಂದೇ ಥರ ಕಂಡವು. ‘ನಿಮಗೆ ಹೆಂಗ ಗೊತ್ತಾತು ಮಾಮಾ?’ ಅಂದೆ. ‘ಸೆರಗು ಕೂಡಿದ ಜಾಗಾ ನೋಡಪಾ’ ಅಂದರು.

ಇಡೀ ಖಾತೆ ನಿಂತಿರುವುದು ಆ ಒಂದು ಮಾತಿನ ಮೇಲೆ.

ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದೋ ರೇಷ್ಮೆಯದೋ ಇರಬಹುದು. ಸೆರಗು ಮತ್ತು ದಡಿಗೆ (ಅಂಚಿಗೆ) ರೇಷ್ಮೆ ಇಲ್ಲವೇ ಕೃತಕ ರೇಷ್ಮೆಯ ಎಳೆ. ಈ ಎರಡು ಹಾಸುಗಳನ್ನೂ ಕೊಂಡಿ ಹಾಕಿ ಕೈಯಿಂದಲೇ ಜೋಡಿಸುತ್ತಾರೆ. ಇದಕ್ಕೇ ತೋಪ್ ತೆನಿ ಅನ್ನುವುದು. ಜೋಡಣೆ ಹೀಗಿರುವುದರಿಂದ ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಮಾಡಲೇಬೇಕು. ಉದ್ದಕ್ಕೆ ಒಂದೇ ಹಾಸು ಬಿಟ್ಟು ಸೀರೆ ಮೇಲೆ ಸೀರೆ ನೇಯುತ್ತಾ ಹೋಗಲು ಆಗುವುದಿಲ್ಲ. ಸೆರಗಿನಲ್ಲಿ ಸಾಮಾನ್ಯವಾಗಿ ಮೂರು ಕಡೆ ಗಟ್ಟಿ ಕೆಂಪು, ಅವುಗಳ ನಡುವೆ ಎರಡು ಕಡೆ ಬಿಳಿ. ಜೋಳದ ತೆನೆ, ಹಣಿಗೆ, ಕೋಟೆಯ ತೆನೆಗೋಡೆ, ಬೆಟ್ಟದ ಸಾಲು ಇವೆಲ್ಲ ಆ ಬಿಳಿಯಲ್ಲೇ ಮೂಡುವುದು. ಅಗ್ಗದ ನಕಲಿನಲ್ಲಿ ಒಡಲಿನಿಂದ ಸೆರಗಿನವರೆಗೆ ಹಾಸು ಒಂದೇ. ಆಗ ಒಡಲಿನ ಬಣ್ಣದ ಎಳೆ ಸೆರಗಿನ ಒಳಗೂ ಓಡಿರುತ್ತದೆ. ಕೆಂಪು ಗಟ್ಟಿಯಾಗಿ ಕೂರುವುದಿಲ್ಲ. ಕೊಂಡಿಯ ಸಾಲಂತೂ ಇರುವುದೇ ಇಲ್ಲ.

ಕೊಳ್ಳುವವರಿಗೆ ಇದು ಗೊತ್ತಿಲ್ಲದಿದ್ದರೆ ಎರಡು ಸೀರೆ ಎದುರಿಗಿಟ್ಟಾಗ ಕಡಿಮೆ ಬೆಲೆಯದ್ದನ್ನೇ ಎತ್ತಿಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ನೋಡುವುದು ಹೇಗೆ ಅಂತ ಯಾರೂ ತೋರಿಸಿಲ್ಲ. ಹಾಗಾಗಿ ನಮ್ಮ ಖಾತೆ ಮೊದಲು ನೋಡುವುದನ್ನು ಕಲಿಸಬೇಕು, ಮಾರಾಟ ಅದರ ಹಿಂದೆ ಬರಬೇಕು ಅಂತ ಬರೆದಿಟ್ಟುಕೊಂಡೆವು. ಪೋಸ್ಟ್ ಹಾಕಲೋ ಬೇಡವೋ ಅನ್ನುವ ಅನುಮಾನ ಬಂದಾಗೆಲ್ಲ ಈ ಸಾಲನ್ನೇ ತೆಗೆದು ನೋಡುತ್ತೇವೆ.

ಚೌಕಟ್ಟು

ಖಾತೆ ತೆರೆಯುವುದರಲ್ಲಿ ದೊಡ್ಡ ಕೆಲಸವೇನಿಲ್ಲ. ಬಳಕೆಯ ಹೆಸರಿಗೆ 15 ಅಕ್ಷರದ ಮಿತಿ ಇದೆ, ಅದೂ ಇಂಗ್ಲಿಷ್ ಲಿಪಿಯಲ್ಲೇ ಆಗಬೇಕು. ಮೇಲೆ ದಪ್ಪಗೆ ಕಾಣುವ ಹೆಸರು 50ರವರೆಗೆ ಹೋಗಬಹುದು. ಅದನ್ನು ಕನ್ನಡದಲ್ಲೇ ಇಟ್ಟೆವು. ಪರಿಚಯಕ್ಕೆ ಇರುವುದು 160. ಅಲ್ಲಿ ‘ಪರಂಪರೆ’, ‘ಸೊಬಗು’ ಅಂತ ತುಂಬಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾರು, ಎಲ್ಲಿ, ಏನು ನೇಯುತ್ತಾರೆ, ಕೊಳ್ಳುವುದು ಹೇಗೆ, ಈ ನಾಲ್ಕು ಇದ್ದರೆ ಸಾಕು.

ಪ್ರೊಫೈಲ್ ಚಿತ್ರಕ್ಕೆ ಮಾಮನ ಮುಖ ಹಾಕೋಣ ಅಂದುಕೊಂಡಿದ್ದೆ. ಆದರೆ ಪರದೆ ಮೇಲೆ ಅದು ಉಗುರಿನಷ್ಟು ಚಿಕ್ಕದಾಗುತ್ತದೆ. ಕೆಂಪು ಸೆರಗಿನ ಬಿಳಿ ತೆನೆ ಮಾತ್ರ ಅಷ್ಟು ಚಿಕ್ಕದರಲ್ಲೂ ತಟ್ಟನೆ ಗುರುತು ಸಿಗುತ್ತದೆ. ಅದನ್ನೇ ಹಾಕಿದೆವು. ಮೇಲಿನ ಅಗಲದ ಚಿತ್ರಕ್ಕೆ ಮಗ್ಗ. ಅದರ ಅಳತೆ 1500 ಗುಣಿಸು 500 ಪಿಕ್ಸೆಲ್. ಎಡಗಡೆ ಕೆಳಮೂಲೆಯನ್ನು ಪ್ರೊಫೈಲ್ ಚಿತ್ರ ಮುಚ್ಚುತ್ತದೆ, ಆ ಮೂಲೆಯಲ್ಲಿ ಏನೂ ಇಡಬೇಡಿ.

ಮನೆಯ ವಿಳಾಸ, ಮಾಮನ ಸ್ವಂತ ನಂಬರು ಎಲ್ಲೂ ಹಾಕಿಲ್ಲ. ಬೇರೆ ಸಿಮ್ಮಿನಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ, ಒತ್ತಿದರೆ ನೇರ ಮಾತುಕತೆ ತೆರೆಯುವ ಲಿಂಕನ್ನು ಪರಿಚಯದ ಕೆಳಗಿಟ್ಟೆವು. ಎಕ್ಸ್‌ನಲ್ಲೂ ಗುರುತಿಲ್ಲದವರು ಮೆಸೇಜ್ ಕಳಿಸುವಂತೆ ಸೆಟ್ಟಿಂಗ್ ಬಿಚ್ಚಿಟ್ಟೆವು. ವ್ಯಾಪಾರದ ಖಾತೆಗೆ ಇದು ಮುಚ್ಚಿದ್ದರೆ ಅಂಗಡಿ ಬಾಗಿಲಿಗೆ ಬೀಗ ಹಾಕಿದ ಹಾಗೇ.

280ರಲ್ಲಿ ಕನ್ನಡ ಎಷ್ಟು ಹಿಡಿಯುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಬರೆಯುವವರಿಗೆ ದಿನವೂ ತಾಗುವ ವಿಷಯ ಇದು.

ಟ್ವಿಟರ್‌ನ ಮೊದಲ ವರ್ಷಗಳಲ್ಲಿ ಒಂದು ಪೋಸ್ಟಿಗೆ 140 ಅಕ್ಷರದ ಮಿತಿ ಇತ್ತು. ಎಸ್‌ಎಂಎಸ್‌ನ 160ರಲ್ಲಿ 20ನ್ನು ಬಳಕೆದಾರರ ಹೆಸರಿಗೆ ಬಿಟ್ಟು ಉಳಿದದ್ದು ಅದು. 2017ರ ನವೆಂಬರ್‌ನಲ್ಲಿ 280 ಆಯಿತು. ದುಡ್ಡು ಕೊಟ್ಟವರು ಈಗ ಉದ್ದಕ್ಕೆ ಬರೆಯಬಹುದು. ಆದರೂ ಓದುವವರಿಗೆ ಮೊದಲು ಕಾಣುವುದು ಮೊದಲ ತುಂಡು ಮಾತ್ರ, ಉಳಿದದ್ದಕ್ಕೆ ಒತ್ತಬೇಕು. ಹಾಗಾಗಿ ನಾವು 280ನ್ನೇ ಅಳತೆಗೋಲು ಮಾಡಿಕೊಂಡೆವು.

ಆದರೆ ಈ 280 ನಾವು ಎಣಿಸುವ ಅಕ್ಷರವಲ್ಲ. ಯಂತ್ರ ಒಳಗೆ ಯೂನಿಕೋಡ್ ಸಂಕೇತ ಎಣಿಸುತ್ತದೆ. ‘ಸೀರೆ’ ನಮಗೆ ಎರಡು ಅಕ್ಷರ, ಅದಕ್ಕೆ ನಾಲ್ಕು: ಸ, ದೀರ್ಘದ ಗುರುತು, ರ, ಎತ್ವದ ಗುರುತು. ‘ಕೈಮಗ್ಗ’ ಮೂರು ಅಕ್ಷರ, ಅದಕ್ಕೆ ಆರು. ‘ಸ್ತ್ರೀ’ ಒಂದೇ ಅಕ್ಷರ, ಆದರೆ ಆರು ಮನೆ ತಿನ್ನುತ್ತದೆ. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಜಾಗ ಬೇಗ ಖಾಲಿ. ನನ್ನ ಅನುಭವದಲ್ಲಿ ಸಲೀಸಾಗಿ ಓದಿಸಿಕೊಳ್ಳುವ ಕನ್ನಡದ ನಾಲ್ಕೈದು ಚಿಕ್ಕ ವಾಕ್ಯ ಆರಾಮಾಗಿ ಹಿಡಿಯುತ್ತವೆ. ‘ಉತ್ಕೃಷ್ಟ ಗುಣಮಟ್ಟದ ಸಾಂಪ್ರದಾಯಿಕ’ ಅಂತ ಶುರು ಮಾಡಿದರೆ ಅರ್ಧ ದಾರಿಯಲ್ಲೇ ಕೆಂಪು ಗೆರೆ. ಆಡುಮಾತಿನ ಪದ ಇಲ್ಲಿ ಓದಲು ಸುಲಭ, ಜಾಗಕ್ಕೂ ಅಗ್ಗ.

ಲಿಂಕ್ ಎಷ್ಟೇ ಉದ್ದ ಇರಲಿ, ಎಕ್ಸ್ ಅದನ್ನು 23 ಅಂತಲೇ ಲೆಕ್ಕ ಹಿಡಿಯುತ್ತದೆ. ಬೇರೆ ಸೈಟ್‌ನಲ್ಲಿ ಲಿಂಕ್ ಗಿಡ್ಡ ಮಾಡಿಸುವ ಅಗತ್ಯವಿಲ್ಲ. ಎಲ್ಲಿಗೆ ಹೋಗುತ್ತದೆ ಅಂತ ಕಾಣದ ಗಿಡ್ಡ ಲಿಂಕ್ ನೋಡಿದರೆ ಜನ ಹೆದರುತ್ತಾರೆ ಕೂಡ. ಚಿತ್ರ ಸೇರಿಸಿದರೆ ಜಾಗ ಹೋಗುವುದಿಲ್ಲ.

ಎಕ್ಸ್ ಥರದ್ದೇ ಇನ್ನೊಂದು ತಾಣ ಬ್ಲೂಸ್ಕೈ ಇದನ್ನು ಬೇರೆ ಥರ ಎಣಿಸುತ್ತದೆ. ಅಲ್ಲಿ ಮಿತಿ 300, ಆದರೆ ಕಾಗುಣಿತ ಸೇರಿದ ಅಕ್ಷರವನ್ನು ಒಂದೇ ಅಂತ ಹಿಡಿಯುತ್ತದೆ. ‘ಸೀ’ ಅಂದರೆ ಅಲ್ಲಿ ಒಂದೇ. ಕನ್ನಡಕ್ಕೆ ಅದು ಎಷ್ಟೋ ಸಲೀಸು. ಎಕ್ಸ್‌ಗೆ ಬರೆದದ್ದು ಅಲ್ಲಿ ಯಾವಾಗಲೂ ಹಿಡಿಯುತ್ತದೆ, ಅಲ್ಲಿಗೆ ಬರೆದದ್ದು ಇಲ್ಲಿ ಹಿಡಿಯದೇ ಇರಬಹುದು. ಎರಡೂ ಕಡೆ ಹಾಕುವವರು ಮೊದಲು ಎಕ್ಸ್‌ಗೆ ಬರೆದುಕೊಳ್ಳುವುದು ಒಳ್ಳೆಯದು.

ನಮಗೆ ಚೆನ್ನಾಗಿ ಕೆಲಸ ಮಾಡಿದ ಒಂದು ಪೋಸ್ಟ್ ಹೀಗಿತ್ತು:

‘ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಕೂಡುವ ಜಾಗ ಇದು. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೈಯಿಂದ ಜೋಡಿಸಬೇಕು. ನಿಮ್ಮ ಮನೆಯ ಇಳಕಲ್ ಸೀರೆಯನ್ನು ತಿರುಗಿಸಿ ನೋಡಿ. ಈ ಸಾಲು ಇದೆಯಾ?’

ಚಿತ್ರ ಒಂದೇ, ಕೊಂಡಿಯ ಸಾಲಿನದು, ಪಕ್ಕದಲ್ಲಿ ಅಡಿಕೋಲು. ಬೆಲೆ ಇಲ್ಲ, ಲಿಂಕ್ ಇಲ್ಲ. ಕೊನೆಯ ಪ್ರಶ್ನೆಯೇ ಇಲ್ಲಿ ಕೆಲಸ ಮಾಡುವ ಭಾಗ. ಜನ ಬೀರು ತೆಗೆದು, ಅಜ್ಜಿಯ ಸೀರೆ ಹೊರಗೆಳೆದು, ಫೋಟೊ ತೆಗೆದು ಹಾಕಿದರು. ‘ನಮ್ಮವ್ವಂದ್ರಾಗ ಐತ್ರಿ’ ಅಂತ ಒಬ್ಬರು. ‘ಹೋದ ವರ್ಷ ತಗೊಂಡದ್ದರಲ್ಲಿ ಇಲ್ಲ, ಹಾಗಾದರೆ ಇದು ಯಾವುದು?’ ಅಂತ ಇನ್ನೊಬ್ಬರು. ಮಾಮ ಒಂದೊಂದು ಫೋಟೊ ನೋಡಿ ಹೇಳಿದ್ದನ್ನು ನಾನು ಟೈಪ್ ಮಾಡುತ್ತಾ ಹೋದೆ. ಅಷ್ಟೊತ್ತಿಗೆ ಅದು ನಮ್ಮ ಪೋಸ್ಟ್ ಆಗಿ ಉಳಿದಿರಲಿಲ್ಲ, ಅವರೆಲ್ಲರ ಮಾತುಕತೆ ಆಗಿತ್ತು. ಅದನ್ನೇ ಮೇಲೆ ಪಿನ್ ಮಾಡಿದ್ದೇವೆ.

ಕೆಂಪು ಬಣ್ಣದ ಕಾಟ

ಇಳಕಲ್ ಸೆರಗಿನ ಕೆಂಪು ಫೋನ್ ಕ್ಯಾಮೆರಾಗೆ ಒಗ್ಗುವ ಬಣ್ಣವಲ್ಲ. ಫೋನು ತಾನೇ ಬಣ್ಣ ಏರಿಸುತ್ತದೆ. ಕೆಂಪು ಉಕ್ಕಿ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ, ಪ್ಲಾಸ್ಟಿಕ್ ಹಾಳೆಯ ಥರ ಕಾಣುತ್ತದೆ. ನೇಯ್ಗೆಯೇ ಮಾಯ. ದಾಳಿಂಬೆ ಕೆಂಪು, ಗಿರಿ ಕುಂಕುಮ ಎರಡೂ ಪರದೆಯ ಮೇಲೆ ಒಂದೇ ಆಗಿಬಿಡುತ್ತವೆ. ಗಿರಿ ಕುಂಕುಮ ಮದುವೆ ಸೀರೆಯ ಬಣ್ಣ. ಆ ಬಣ್ಣಕ್ಕಾಗಿಯೇ ಕೊಳ್ಳುವವರಿಗೆ ಬೇರೆ ಬಣ್ಣ ತೋರಿಸಿ ಕಳಿಸಿದರೆ ಸೀರೆ ವಾಪಸ್ ಬರುವುದು ಖಂಡಿತ.

ಮೊದಲ ಸುತ್ತಿನ ಫೋಟೊ ನೋಡಿದ ಮಾಮ, ‘ಇದ ನಮ್ಮ ಸೀರಿ ಅಂತ ನನಗ ಗುರ್ತ ಸಿಗವಲ್ದಲ್ಲೋ’ ಅಂದರು. ಅಲ್ಲಿಂದ ಹೀಗೆ ಸರಿಪಡಿಸಿಕೊಂಡು ಬಂದೆ.

ಬೆಳಕು: ನೇರ ಬಿಸಿಲು ಬೇಡ, ಟ್ಯೂಬ್‌ಲೈಟೂ ಬೇಡ. ಬೆಳಿಗ್ಗೆ ಪಡಸಾಲೆಯ ನೆರಳಿನ ಬೆಳಕು ಅತ್ಯುತ್ತಮ. ಸೀರೆಯ ಪಕ್ಕ ಬಿಳಿ ಡ್ರಾಯಿಂಗ್ ಹಾಳೆ ಇಟ್ಟು, ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಆ ಹಾಳೆ ಬಿಳಿಯಾಗಿಯೇ ಕಾಣುವ ತನಕ ವೈಟ್ ಬ್ಯಾಲೆನ್ಸ್ ಹೊಂದಿಸಿದೆ. ಎಚ್‌ಡಿಆರ್, ‘ಬ್ಯೂಟಿ’, ಎಐ ಅಂತ ಇರುವುದನ್ನೆಲ್ಲ ಆಫ್ ಮಾಡಿದೆ. ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) ಒಂದು ಮೆಟ್ಟಿಲು ಕೆಳಗಿಳಿಸಿದಾಗ ಕೆಂಪಿನ ಒಳಗಿನ ಎಳೆ ಮತ್ತೆ ಕಾಣತೊಡಗಿತು. ಚಿತ್ರ ಸ್ವಲ್ಪ ಕಪ್ಪು ಅನ್ನಿಸಿದರೂ ಪರವಾಗಿಲ್ಲ, ಉಕ್ಕಿದ ಕೆಂಪನ್ನು ಆಮೇಲೆ ಯಾವ ಆ್ಯಪ್‌ನಿಂದಲೂ ಇಳಿಸಲಾಗುವುದಿಲ್ಲ. ಪೋಸ್ಟ್ ಮಾಡುವ ಮುಂಚೆ ಸೀರೆಯನ್ನೂ ಫೋನನ್ನೂ ಅಕ್ಕಪಕ್ಕ ಹಿಡಿದು ಮಾಮನಿಗೆ ತೋರಿಸುತ್ತೇನೆ. ಅವರು ‘ಹ್ಞಾಂ’ ಅಂದರೆ ಮಾತ್ರ ಮುಂದೆ.

ಟೈಮ್‌ಲೈನ್‌ನಲ್ಲಿ ಉದ್ದನೆಯ ಚಿತ್ರ ಹೆಚ್ಚು ಜಾಗ ಹಿಡಿಯುತ್ತದೆ. 2021ರವರೆಗೆ ಅದು ಎಲ್ಲವನ್ನೂ ಅಡ್ಡಕ್ಕೆ ಕತ್ತರಿಸಿ ತೋರಿಸುತ್ತಿತ್ತು. ಈಗ ಅಗಲ ಮೂರು, ಎತ್ತರ ನಾಲ್ಕರ ಅಳತೆಯ ಒಂದೇ ಚಿತ್ರ ಹಾಕಿದರೆ ಪೂರ್ತಿ ಕಾಣುತ್ತದೆ. ನಾಲ್ಕು ಚಿತ್ರ ಹಾಕಲು ಅವಕಾಶ ಇದೆ ಅಂತ ನಾಲ್ಕೂ ತುಂಬಿಸಿದರೆ ಒಂದೊಂದೂ ಚಿಕ್ಕದಾಗಿ ಕೊಂಡಿಯಂಥ ಸಣ್ಣ ವಿವರ ಕಾಣುವುದೇ ಇಲ್ಲ. ಕಲಿಸುವ ಪೋಸ್ಟಿಗೆ ಒಂದೇ ಚಿತ್ರ. ಮಾರುವ ಪೋಸ್ಟಿಗೆ ನಾಲ್ಕು: ಒಡಲು, ದಡಿ, ಸೆರಗು, ಕೊಂಡಿಯ ಸಾಲು.

ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ವಿವರಣೆ ಬರೆಯುತ್ತೇವೆ. ಆಲ್ಟ್ ಅಂತ ಬರುವ ಆ ಜಾಗದಲ್ಲಿ 1000 ಅಕ್ಷರ ಹಿಡಿಯುತ್ತದೆ. ಕಣ್ಣು ಕಾಣದವರಿಗೆ ಫೋನು ಅದನ್ನು ಓದಿ ಹೇಳುತ್ತದೆ. ‘ಸೀರೆಯ ಚಿತ್ರ’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ‘ನವಿಲು ಹಸಿರು ಒಡಲು, ಕೆಂಪು ಗೋಮಿ ದಡಿ, ಸೆರಗಿನಲ್ಲಿ ಬಿಳಿ ತೆನೆ ಸಾಲು’ ಅಂದರೆ ಸೀರೆ ಕಂಡ ಹಾಗೆ (ಗೋಮಿ ಅನ್ನುವುದು ದಡಿಯ ಒಂದು ವಿನ್ಯಾಸ). ಹೀಗೆ ಬರೆಯುವ ಅಭ್ಯಾಸದಿಂದ ನಮ್ಮ ಪೋಸ್ಟ್‌ನ ಮಾತೂ ಬಿಗಿಯಾಯಿತು.

ಮಗ್ಗದ ವಿಡಿಯೊ

ಕುಣಿ ಮಗ್ಗ ಇರುವ ಕೋಣೆಯಲ್ಲಿ ಬೆಳಕು ಕಡಿಮೆ. ನೇಯುವವರು ಕಾಲು ಕುಣಿಯೊಳಗೆ ಇಳಿಬಿಟ್ಟು ಕೂರುತ್ತಾರೆ, ಒಂದು ಕಿಟಕಿ, ಮೇಲೊಂದು ದೀಪ. ದೀಪ ಹಾಕಿ ವಿಡಿಯೊ ತೆಗೆದರೆ ಪರದೆ ತುಂಬಾ ಕಪ್ಪು ಪಟ್ಟಿಗಳು ತೇಲುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ, ಕ್ಯಾಮೆರಾದ ಶಟರ್ ಅದಕ್ಕೆ ತಾಳ ತಪ್ಪಿದರೆ ಪಟ್ಟಿ ಮೂಡುತ್ತದೆ. ಶಟರ್ ವೇಗವನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ನಿಲ್ಲಿಸಿದ ತಕ್ಷಣ ಪಟ್ಟಿ ಹೋಯಿತು. ಆ ವೇಗದಲ್ಲಿ ಅಡ್ಡ ನೂಲು ಹೊತ್ತ ಲಾಳಿ ಓಡುವಾಗ ಸ್ವಲ್ಪ ಮಸುಕಾಗುತ್ತದೆ. ನನಗೆ ಅದೇ ಇಷ್ಟ, ಅದು ಓಡುತ್ತಿರುವುದು ಗೊತ್ತಾಗುತ್ತದೆ.

ಟೈಮ್‌ಲೈನ್‌ನಲ್ಲಿ ವಿಡಿಯೊ ಸದ್ದಿಲ್ಲದೆ ಶುರುವಾಗುತ್ತದೆ. ಹಾಗಾಗಿ ಮೊದಲ ಸೆಕೆಂಡಿನಲ್ಲೇ ಕೈ ಕೆಲಸ ಮಾಡುತ್ತಿರಬೇಕು. ಊರಿನ ಹೆಸರು, ಲೋಗೊ, ನಮಸ್ಕಾರ ಅಂತ ಶುರು ಮಾಡಿದರೆ ಅಷ್ಟರಲ್ಲಿ ಬೆರಳು ಮುಂದಕ್ಕೆ ಹೋಗಿರುತ್ತದೆ. ಸದ್ದು ಹಾಕಿಕೊಂಡವರಿಗೆ ಮಗ್ಗದ ಸದ್ದೇ ಕೇಳಬೇಕು. ಸಿನಿಮಾ ಹಾಡು ಹಾಕುವುದು ಬೇಡ ಅಂದೆ. ಹಕ್ಕಿನ ತಂಟೆ ಒಂದು ಕಡೆ, ಮಗ್ಗದ ಸದ್ದನ್ನು ಮುಚ್ಚಿಹಾಕಿದ ಹಾಗೆ ಆಗುತ್ತದೆ ಅನ್ನುವುದು ಇನ್ನೊಂದು ಕಡೆ.

ವಿಡಿಯೊ ಮೇಲೆ ಕನ್ನಡ ಬರಹ ಹಾಕುವಾಗ ಒಂದು ತೊಡಕು ಬಂತು. ನಾನು ಬಳಸುತ್ತಿದ್ದ ಎಡಿಟಿಂಗ್ ಆ್ಯಪ್‌ನಲ್ಲಿ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತಿದ್ದವು. ಫಾಂಟ್ ಬದಲಿಸಿದರೂ ಅದೇ ಕಥೆ. ತೊಂದರೆ ಫಾಂಟಿನದಲ್ಲ, ಅಕ್ಷರ ಕೂಡಿಸುವ ಕೆಲಸ ಆ ಆ್ಯಪ್‌ಗೆ ಬರುವುದಿಲ್ಲ. ಕೊನೆಗೆ ಬ್ರೌಸರ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ಬರಹ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿಕೊಂಡು, ಅದನ್ನು ವಿಡಿಯೊ ಮೇಲೆ ಕೂರಿಸಿದೆ. ಕೆಲಸ ಜಾಸ್ತಿ, ಆದರೆ ಒಡೆದ ಕನ್ನಡ ಹಾಕುವುದಕ್ಕಿಂತ ಎಷ್ಟೋ ವಾಸಿ.

ಅತ್ತೆ ಕಂಡಿಕೆ ಸುತ್ತುವುದನ್ನು, ಅಂದರೆ ಲಾಳಿಯೊಳಗೆ ಕೂರುವ ಕೊಳವೆಗೆ ನೂಲು ಸುತ್ತುವುದನ್ನು, ವಿಡಿಯೊ ತೆಗೆಯಬೇಕಿತ್ತು. ಈ ಕೆಲಸವಿಲ್ಲದೆ ಲಾಳಿಗೆ ನೂಲೇ ಇಲ್ಲ, ಆದರೂ ‘ನೇಕಾರ’ ಅಂದಾಗ ಯಾರಿಗೂ ಇದು ನೆನಪಾಗುವುದಿಲ್ಲ. ‘ಮಾರಿ ಬ್ಯಾಡೊ ತಮ್ಮಾ, ಕೈ ಅಷ್ಟ ತಗಿ’ ಅಂದರು. ಹಾಗೇ ತೆಗೆದೆ. ಬಳೆ ತೊಟ್ಟ ಕೈ, ರಾಟೆ, ಸುತ್ತಿಕೊಳ್ಳುವ ಕೆಂಪು ಎಳೆ. ಹಾಕುವ ಮುಂಚೆ ಅವರಿಗೆ ತೋರಿಸಿ ಒಪ್ಪಿಗೆ ತೆಗೆದುಕೊಂಡೆ. ನಮ್ಮ ಮನೆಯವರೇ ಆದರೂ ಇದನ್ನು ಬಿಡುವುದಿಲ್ಲ. ದುಡಿಯುವವರ ಮುಖ ಅವರದು, ಖಾತೆಯ ಸಾಮಾನಲ್ಲ.

ಉತ್ತರ ಕೊಡುವುದೇ ಮುಖ್ಯ ಕೆಲಸ

2023ರಲ್ಲಿ ಟ್ವಿಟರ್ ತನ್ನ ಶಿಫಾರಸು ಸೂತ್ರದ ಒಂದು ಭಾಗವನ್ನು ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಯಾವ ಪೋಸ್ಟನ್ನು ಯಾರಿಗೆ ತೋರಿಸಬೇಕು ಅಂತ ತೂಗುವಾಗ ಯಾವುದಕ್ಕೆ ಎಷ್ಟು ತೂಕ ಅನ್ನುವುದು ಅದರಲ್ಲಿತ್ತು. ಲೈಕ್ ಬರುವ ಸಂಭವಕ್ಕೆ 0.5. ಮರುಹಂಚಿಕೆಗೆ 1. ಯಾರಾದರೂ ಉತ್ತರಿಸುವ ಸಂಭವಕ್ಕೆ 13.5. ಆ ಉತ್ತರಕ್ಕೆ ಪೋಸ್ಟ್ ಹಾಕಿದವರೇ ಸ್ಪಂದಿಸುವ ಸಂಭವಕ್ಕೆ 75. ದೂರು ಬರುವ ಸಂಭವಕ್ಕೆ ಮೈನಸ್ 369.

ಅವು ಆಗಿನ ಅಂಕಿ, ಕಂಪನಿ ಯಾವಾಗ ಬೇಕಾದರೂ ಬದಲಿಸಬಹುದು. ಆದರೆ ದಿಕ್ಕು ಸ್ಪಷ್ಟ. ಲೈಕಿಗಿಂತ ಮಾತುಕತೆಗೆ ಎಷ್ಟೋ ಪಟ್ಟು ಬೆಲೆ. ಅಂಗಡಿಕಟ್ಟೆಯಲ್ಲಿ ಕೂತ ಯಾವ ವ್ಯಾಪಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಬಂದವರ ಜೊತೆ ಮಾತಾಡಬೇಕು, ಅಲ್ವಾ?

ಹಾಗಾಗಿ ನಮ್ಮ ದಿನಚರಿ ಪೋಸ್ಟ್ ಸುತ್ತ ಅಲ್ಲ, ಉತ್ತರದ ಸುತ್ತ ಇದೆ. ಸಂಜೆ ಏಳೂವರೆಗೆ ಪೋಸ್ಟ್. ಇಲ್ಲಿ ಜನ ಕೆಲಸ ಮುಗಿಸಿ ಫೋನ್ ಹಿಡಿಯುವ ಹೊತ್ತು, ಬೇಸಿಗೆಯಲ್ಲಿ ನ್ಯೂಯಾರ್ಕ್ ಕಡೆಯ ಕನ್ನಡಿಗರಿಗೆ ಬೆಳಿಗ್ಗೆ ಹತ್ತು. ಆಮೇಲೆ ಊಟದ ತನಕ ನಾನು ಫೋನ್ ಬಿಡುವುದಿಲ್ಲ. ಪ್ರತಿ ಪ್ರಶ್ನೆಗೂ ಉತ್ತರ. ಬರೀ ಕೈಮುಗಿದ ಚಿಹ್ನೆ ಹಾಕಿ ಸುಮ್ಮನಾಗುವುದಿಲ್ಲ. ಮಗ್ಗದ ಮುಂದೆ ಕೂತು ತೆಗೆದ ಅರ್ಧ ನಿಮಿಷದ ವಿಡಿಯೊ ಉತ್ತರವಾಗಿ ಹೋದರೆ ಹತ್ತು ವಾಕ್ಯ ಬರೆದದ್ದಕ್ಕಿಂತ ಹೆಚ್ಚು ತೂಕ.

‘ಇದೇ ಸೀರೆ ಅರ್ಧ ಬೆಲೆಗೆ ಸಿಗುತ್ತೆ, ಯಾಕೆ ಮೋಸ ಮಾಡ್ತೀರಿ’ ಅಂತ ಒಬ್ಬರು ಬರೆದರು. ನನಗೆ ಸಿಟ್ಟು ಬಂದಿತ್ತು. ಮಾಮ ಹೇಳಿಕೊಟ್ಟ ಉತ್ತರ ಇದು: ‘ಸಿಗತೈತ್ರಿ, ಸುಳ್ಳಲ್ಲ. ಅದರ ಸೆರಗು ಕೂಡಿದ ಜಾಗಾ ಒಮ್ಮೆ ನೋಡ್ರಿ, ನಮ್ಮದೂ ನೋಡ್ರಿ. ನೋಡಿದ ಮ್ಯಾಲೆ ನಿಮಗ ಯಾವುದು ಬೇಕೋ ಅದನ್ನ ತಗೋರಿ.’ ಜೊತೆಗೆ ಕೊಂಡಿಯ ಚಿತ್ರ. ಆ ಉತ್ತರವನ್ನು ಬೇರೆಯವರು ಹಂಚಿಕೊಂಡರು. ಪವರ್‌ಲೂಮ್ ನಡೆಸುವವರನ್ನು ನಾವು ಒಂದು ಮಾತೂ ಅನ್ನುವುದಿಲ್ಲ. ಅವರೂ ನಮ್ಮೂರಿನವರು, ಅವರ ಹೊಟ್ಟೆಪಾಡೂ ನೂಲಿನ ಮೇಲೇ. ಒಂದನ್ನು ಇನ್ನೊಂದರ ಹೆಸರಲ್ಲಿ ಮಾರುವುದಕ್ಕೆ ಮಾತ್ರ ನಮ್ಮ ತಕರಾರು.

ಬೆಲೆ ಪೋಸ್ಟಿನಲ್ಲೇ ಇರುತ್ತದೆ. ‘ಇನ್‌ಬಾಕ್ಸ್‌ಗೆ ಬನ್ನಿ’ ಅಂದರೆ ಮುಖ ನೋಡಿ ಮಣೆ ಹಾಕುತ್ತಾರೆ ಅನ್ನುವ ಅನುಮಾನ ಬರುತ್ತದೆ. ಬೆಲೆ ಕಂಡು ಮುಂದೆ ಹೋದವರು ಹೋಗಲಿ. ಬಂದವರ ಜೊತೆ ಚೌಕಾಸಿ ಕಡಿಮೆ, ಮಾತು ಸೀರೆಯ ಬಗ್ಗೆ ಇರುತ್ತದೆ. ಒಂದೊಂದು ಹಾಸಿನಲ್ಲಿ ಒಂದೇ ಸೀರೆ ಆದ್ದರಿಂದ ಪ್ರತಿ ಸೀರೆಗೂ ನಂಬರಿನ ಚೀಟಿ ಇಟ್ಟು, ಚೀಟಿ ಕಾಣುವಂತೆ ಫೋಟೊ ತೆಗೆಯುತ್ತೇವೆ. ನಮ್ಮ ಫೋಟೊ ಕದ್ದು ಬೇರೆಯವರು ಮಾರಲು ಹೊರಟರೂ ಆ ಚೀಟಿ ಗುರುತಾಗುತ್ತದೆ. ಮಾರಾಟವಾದ ಮೇಲೆ ಪೋಸ್ಟ್ ಅಳಿಸುವುದಿಲ್ಲ. ಕೆಳಗೆ ‘ಹೋಯಿತು’ ಅಂತ ಉತ್ತರ ಹಾಕುತ್ತೇವೆ.

ದುಡ್ಡಿನ ವಿಷಯದಲ್ಲಿ ಮಾಮನಿಗೆ ಮೊದಲೇ ಒಂದು ಮಾತು ಗಟ್ಟಿ ಮಾಡಿಸಿದ್ದೆ: ಯುಪಿಐನಲ್ಲಿ ಹಣ ಬರಬೇಕಾದರೆ ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿತು ಅಂದರೆ ಹಣ ಹೋಗುತ್ತಿದೆ ಅಂತಲೇ ಅರ್ಥ. ‘ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಅಡ್ವಾನ್ಸ್ ತಗೊಳ್ಳಿ’ ಅನ್ನುವವರು ಬಂದೇ ಬರುತ್ತಾರೆ. ವ್ಯಾಪಾರದ ಖಾತೆ ತೆರೆಯುವ ಎಲ್ಲರೂ ಮನೆಯವರಿಗೆ ಇದನ್ನು ಬಾಯಿಪಾಠ ಮಾಡಿಸಿ.

ಹುಡುಕಿ ಹೋಗುವುದು

ನಾವೇ ಮಾತಾಡುತ್ತಿದ್ದರೆ ಸಾಲದು, ಎಲ್ಲಿ ಮಾತು ನಡೆಯುತ್ತಿದೆಯೋ ಅಲ್ಲಿಗೆ ಹೋಗಬೇಕು. ಎಕ್ಸ್‌ನ ಹುಡುಕಾಟ ಇದಕ್ಕೆ ಚೆನ್ನಾಗಿದೆ. ಪದದ ಪಕ್ಕ ಇಂಗ್ಲಿಷ್‌ನಲ್ಲಿ ಎಲ್-ಎ-ಎನ್-ಜಿ, ಕೋಲನ್, ಕೆ-ಎನ್ ಅಂತ ಹಾಕಿದರೆ ಕನ್ನಡದ ಪೋಸ್ಟ್‌ಗಳು ಮಾತ್ರ ಬರುತ್ತವೆ. ‘ಸೀರೆ’, ‘ಇಳಕಲ್’, ‘ಇಲಕಲ್ಲ’, ‘ಗುಳೇದಗುಡ್ಡ ಖಣ’, ‘ಕಸೂತಿ’ ಇಷ್ಟನ್ನೂ ಉಳಿಸಿಟ್ಟುಕೊಂಡಿದ್ದೇನೆ. ಯಾರೋ ‘ಅಮ್ಮನಿಗೆ ಇಳಕಲ್ ಸೀರೆ ಎಲ್ಲಿ ಒಳ್ಳೆಯದು ಸಿಗುತ್ತೆ’ ಅಂತ ಕೇಳಿರುತ್ತಾರೆ. ಹೋಗಿ ‘ನಮ್ಮಲ್ಲಿದೆ’ ಅನ್ನುವುದಿಲ್ಲ. ಎಲ್ಲೇ ಕೊಂಡರೂ ಏನು ನೋಡಿ ಕೊಳ್ಳಬೇಕು ಅಂತ ಹೇಳುತ್ತೇವೆ, ಚಿತ್ರ ಹಾಕುತ್ತೇವೆ. ಅರ್ಧ ಜನ ನಮ್ಮ ಪ್ರೊಫೈಲ್‌ಗೆ ತಾವಾಗಿ ಬರುತ್ತಾರೆ.

ಹ್ಯಾಷ್‌ಟ್ಯಾಗ್ ಎರಡಕ್ಕಿಂತ ಜಾಸ್ತಿ ಬೇಡ. ಕನ್ನಡ ಟ್ಯಾಗ್‌ನಲ್ಲಿ ಎರಡು ಪದ ಕೂಡಿಸುವಾಗ ನಡುವೆ ಅಂಡರ್‌ಸ್ಕೋರ್ ಹಾಕಿ. ಸುಮ್ನೆ ಅಂಟಿಸಿದರೆ ‘ಇಳಕಲ್’ನ ‘ಲ್’ ಮತ್ತು ‘ಸೀರೆ’ಯ ‘ಸೀ’ ಕೂಡಿ ಒತ್ತಕ್ಷರ ಆಗುತ್ತದೆ. ಅದನ್ನು ತಪ್ಪಿಸಲು ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಒಂದು ಸಂಕೇತ ತುರುಕುತ್ತವೆ. ಆಗ ಯಂತ್ರಕ್ಕೆ ಅದು ಬೇರೆಯೇ ಟ್ಯಾಗ್, ಹುಡುಕುವವರಿಗೆ ನಾವು ಸಿಗುವುದಿಲ್ಲ.

ಲೆಕ್ಕ, ಮತ್ತು ಒಂದು ಪ್ರತಿ

2022ರ ಕೊನೆಯಿಂದ ಪ್ರತಿ ಪೋಸ್ಟಿನ ಕೆಳಗೂ ಎಷ್ಟು ಸಲ ಕಂಡಿತು ಅನ್ನುವ ಸಂಖ್ಯೆ ಬರುತ್ತದೆ. ನಾನು ಅದನ್ನು ಬರೆದಿಡುತ್ತೇನೆ, ಆದರೆ ಅದರ ಹಿಂದೆ ಬೀಳುವುದಿಲ್ಲ. ಹಾಳೆಯಲ್ಲಿ ದಿನ, ಹೊತ್ತು, ಕಲಿಸುವ ಪೋಸ್ಟೋ ಮಾರುವ ಪೋಸ್ಟೋ, ಎಷ್ಟು ಪ್ರಶ್ನೆ ಬಂತು, ಎಷ್ಟು ಮೆಸೇಜ್ ಬಂತು, ಯಾವ ಚೀಟಿಯ ಸೀರೆ ಹೋಯಿತು ಅಂತ ಕಾಲಂ ಮಾಡಿದ್ದೇನೆ. ಕೊಳ್ಳುವವರಿಗೆ ‘ಯಾವ ಪೋಸ್ಟ್ ನೋಡಿ ಬಂದಿರಿ’ ಅಂತ ಕೇಳುತ್ತೇನೆ. ಹೆಚ್ಚಿನವರು ಹೇಳುವುದು ಕಲಿಸುವ ಪೋಸ್ಟುಗಳನ್ನೇ. ಸಾಕಷ್ಟು ಜನಕ್ಕೆ ಕಂಡು, ಒಂದೂ ಪ್ರಶ್ನೆ ಬಾರದ ಪೋಸ್ಟ್ ಇದೆ. ಕೆಲವರಿಗೇ ಕಂಡು ಸೀರೆ ಹೋದ ಪೋಸ್ಟೂ ಇದೆ.

ಬೆಂಗಳೂರಿನ ‘ಕೂ’ ನೆನಪಿರಬಹುದು. 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದ ಮೈಕ್ರೊಬ್ಲ್ಯಾಗ್ ಅದು, 2024ರ ಜುಲೈನಲ್ಲಿ ಬಾಗಿಲು ಹಾಕಿತು. ಕನ್ನಡದಲ್ಲಿ ಬರೆಯುವವರಿಗೆ ಅದು ಒಳ್ಳೆಯ ಜಾಗವಾಗಿತ್ತು, ಅದರ ಬಗ್ಗೆ ನನಗೆ ಈಗಲೂ ಬೇಸರ ಇದೆ. ಎಕ್ಸ್ ಕೂಡ ನಮ್ಮದಲ್ಲ. ಹಾಗಾಗಿ ಪೋಸ್ಟಿನ ಬರಹ, ಮೂಲ ಫೋಟೊ, ಆಲ್ಟ್ ವಿವರಣೆ ಎಲ್ಲವೂ ಮೊದಲು ನಮ್ಮ ಫೋಲ್ಡರ್‌ನಲ್ಲಿ, ಚೀಟಿ ನಂಬರಿನ ಹೆಸರಲ್ಲಿ ಇರುತ್ತವೆ. ಆಮೇಲೆ ಎಕ್ಸ್‌ಗೆ. ಸೆಟ್ಟಿಂಗ್‌ನಲ್ಲಿ ನಮ್ಮ ಡೇಟಾದ ಪ್ರತಿ ಕೇಳುವ ಅವಕಾಶವೂ ಇದೆ. ಕೇಳಿದ ಮೇಲೆ ಸಿದ್ಧವಾಗಲು ಒಂದು ದಿನವೋ ಜಾಸ್ತಿಯೋ ಹಿಡಿಯುತ್ತದೆ. ಕೊಂಡವರ ನಂಬರ್, ವಿಳಾಸ ಮಾಮನ ಹಳೆಯ ಖಾತೆ ಪುಸ್ತಕದಲ್ಲೇ ಇವೆ, ಪೆನ್ನಿನಲ್ಲಿ ಬರೆದು.

ಈಗ ಕೈಯಲ್ಲಿರುವ ಕೆಲಸ ಆಗಸ್ಟ್ 7ರದ್ದು. 1905ರಲ್ಲಿ ಸ್ವದೇಶಿ ಚಳವಳಿ ಶುರುವಾದ ದಿನ ಅದು, 2015ರಿಂದ ರಾಷ್ಟ್ರೀಯ ಕೈಮಗ್ಗ ದಿನ. ಆ ದಿನ ದೇಶದ ತುಂಬಾ ಕೈಮಗ್ಗದ ಪೋಸ್ಟುಗಳ ಪ್ರವಾಹ ಇರುತ್ತದೆ, ನಮ್ಮದು ಅದರಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಒಂದು ವಾರ ಮುಂಚೆ ಶುರು ಮಾಡಿ, ಒಂದೇ ಸೀರೆಯನ್ನು ದಿನಕ್ಕೊಂದು ಪೋಸ್ಟಿನಲ್ಲಿ ತೋರಿಸಬೇಕು ಅಂತ ಇದ್ದೇವೆ: ಒಡಲಿನ ಹಾಸು, ಸೆರಗಿನ ಹಾಸು, ದಡಿಯ ಹಾಸು, ಕಂಡಿಕೆ, ಕೊಂಡಿ ಜೋಡಣೆ, ನೇಯ್ಗೆ, 7ನೇ ತಾರೀಖಿಗೆ ಮಗ್ಗದಿಂದ ಇಳಿದ ಸೀರೆ. ಎಲ್ಲವೂ ಮೊದಲ ಪೋಸ್ಟಿಗೆ ಉತ್ತರವಾಗಿ ಒಂದೇ ಸರದಲ್ಲಿ. ಬಣ್ಣ ಯಾವುದಿರಬೇಕು ಅಂತ ಪೋಲ್ ಹಾಕಿ ಜನರನ್ನೇ ಕೇಳಿದ್ದೇವೆ. ನವಿಲು ಹಸಿರು ಮುಂದಿದೆ. ಮಾಮ ನೂಲು ಬಣ್ಣಕ್ಕೆ ಕೊಟ್ಟಿದ್ದಾರೆ.